ಒಂದಕ್ಷರವೂ ಬದಲಿಸದ ಪಾಲಕ

“ಗುರುಗಳೇ, ಬಲ್ಲವರ ಮಾತನ್ನು ಒಂದಕ್ಷರವೂ ಬದಲಿಸದೆ ಬರೆದಿಟ್ಟುಕೊಂಡರೆ ಅದು ಹೇಗೆ ತಪ್ಪಾಗುತ್ತದೆ?”

ಹೀಗೆ ಕೇಳಿದವಳು ನೀಲಾಂಬಿಕೆ. ಕೇಳುವಾಗ ಅವಳ ದನಿಯಲ್ಲಿ ಗೊಂದಲವೂ ಇತ್ತು, ಸ್ವಲ್ಪ ಸಿಟ್ಟೂ ಇತ್ತು. ಮಠದವರು ಹೊಸದಾಗಿ ಒಂದು ರಕ್ತನಿಧಿ ತೆರೆಯುವವರಿದ್ದರು. ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತವಿದೆ, ಯಾವ ರೋಗಿಗೆ ಯಾವುದು ಒಗ್ಗುವುದಿಲ್ಲ ಎಂಬ ವಿವರವೆಲ್ಲ ಅಲ್ಲಿನ ಯಂತ್ರಕೋಣೆಯ, ಕಂಪ್ಯೂಟರಿನ ಮಾಹಿತಿ ಕೂಡಿಡುವ ಒಂದು ಸ್ಟೋರೇಜ್ ಪೆಟ್ಟಿಗೆಯಲ್ಲಿ ಇರಬೇಕಾಗಿತ್ತು. ಆ ಕೋಣೆಯ ಹೊಣೆಯನ್ನು ಅವಳಿಗೆ ಒಪ್ಪಿಸಿದ್ದರು. ಬೆಳಗಾದರೆ ಕೆಲಸ ಶುರು. ಅವಳು ಪೆಟ್ಟಿಗೆಗೆ ಬೇಕಾದ ಸೆಟ್ಟಿಂಗುಗಳನ್ನೆಲ್ಲ ಒಂದು ಕಡತದಲ್ಲಿ ಬರೆದು, ಗುರುಗಳಿಗೆ ತೋರಿಸಿ ಹೂಂ ಅನ್ನಿಸಿಕೊಂಡು ಹೋಗೋಣವೆಂದು ಬಂದಿದ್ದಳು.

ಗುರುಗಳ ಹೆಸರು ಅಡವಯ್ಯ. ಮಠದ ಶಾಲೆಯಲ್ಲಿ ಯಂತ್ರ ನೋಡಿಕೊಳ್ಳುವ ವಿದ್ಯೆ ಕಲಿಸುವವರು. ಪ್ರಶ್ನೆಗೆ ನೇರ ಉತ್ತರ ಕೊಟ್ಟು ಅಭ್ಯಾಸವಿದ್ದವರಲ್ಲ. ಅವರು ಕಡತದ ಮೇಲೆ ಕಣ್ಣಾಡಿಸಿದರು. ಇಷ್ಟುದ್ದ ಬರೆದದ್ದರಲ್ಲಿ ನಿನ್ನದು ಯಾವುದು ಎಂದು ಕೇಳಿದರು. ನನ್ನದೇನೂ ಇಲ್ಲ, ಎಲ್ಲವೂ ಪೆಟ್ಟಿಗೆ ಮಾಡಿದವರು ಹೇಳಿದ್ದೇ, ಅದನ್ನು ನಡೆಸುವ ತಂತ್ರಾಂಶದ ಒಳಗಿದ್ದುದನ್ನು ಹಾಗೆಯೇ ಎತ್ತಿ ಬರೆದಿದ್ದೇನೆ ಎಂದು ಅವಳು ಹೆಮ್ಮೆಯಿಂದಲೇ ಹೇಳಿದಳು. ಹಾಗಾದರೆ ಇದನ್ನು ಇಡಬೇಡ ಎಂದುಬಿಟ್ಟರು ಗುರುಗಳು.

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ತನ್ನ ಬುದ್ಧಿಯನ್ನು ಮಧ್ಯೆ ತೂರಿಸಿದ್ದರೆ ಬೈಯಲಿ, ಬೈಸಿಕೊಳ್ಳೋಣ. ತೂರಿಸದೆ ಇದ್ದುದಕ್ಕೂ ಬೈಗುಳವೇ? ಅದಕ್ಕೇ ಆ ಪ್ರಶ್ನೆ ಕೇಳಿದ್ದು. ಅಡವಯ್ಯನವರು ಕಡತವನ್ನು ಪಕ್ಕಕ್ಕಿಟ್ಟು, ಕೂತುಕೋ ಅವ್ವಾ ಎಂದು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಂದು ಆಸ್ಪತ್ರೆ ಇತ್ತು. ತಲೆಗೆ ಪೆಟ್ಟು ಬಿದ್ದವರನ್ನು ಸುತ್ತಲ ಊರಿನವರು ಅಲ್ಲಿಗೇ ಹೊತ್ತು ತರುತ್ತಿದ್ದರು. ತಲೆಯೊಳಗೆ ಎಲ್ಲಿ ರಕ್ತ ಸೋರಿದೆ ಎಂದು ಸ್ಕ್ಯಾನಿನಲ್ಲಿ ಚಿತ್ರ ತೆಗೆಯುವರು. ಆ ಚಿತ್ರವನ್ನು ಕಣ್ಣಮುಂದೆ ಇಟ್ಟುಕೊಂಡೇ ಶಸ್ತ್ರವೈದ್ಯರು ತಲೆ ತೆರೆಯುವರು. ಚಿತ್ರವಿಲ್ಲದೆ ಕತ್ತಿ ಮುಟ್ಟುವುದಿಲ್ಲ ಎಂಬುದು ಆ ವೈದ್ಯರು ತಮಗೆ ತಾವೇ ಹಾಕಿಕೊಂಡ ಕಟ್ಟು. ಯಾಕೆಂದರೆ ತಲೆಯೊಳಗೆ ಕೂದಲೆಳೆಯಷ್ಟು ಆಚೀಚೆಯಾದರೆ ಮನುಷ್ಯನ ಕೈ ಹೋದೀತು, ಕಣ್ಣು ಹೋದೀತು. ಚಿತ್ರಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಇದ್ದವು. ಆ ಪೆಟ್ಟಿಗೆಯನ್ನು ನೋಡಿಕೊಳ್ಳಲು ಒಬ್ಬ ಪಾಲಕನಿದ್ದ. ಒಳ್ಳೆಯವನು, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅವನು ಕೆಟ್ಟವನಾಗಿದ್ದರೆ ನನಗೆ ಈ ಕತೆ ಹೇಳುವ ಶ್ರಮವೇ ಇರುತ್ತಿರಲಿಲ್ಲ.

ಚಿತ್ರಗಳು ಒಳಗೆ ಹೋಗಿ ಹೊರಗೆ ಬರಲು ಪೆಟ್ಟಿಗೆಗೆ ಎರಡು ಬಾಗಿಲು. ಒಂದೊಂದು ಬಾಗಿಲಿಗೆ ಒಂದೊಂದು ಕೇಬಲ್. ಒಂದು ದಾರಿ ಕೆಟ್ಟರೆ ಇನ್ನೊಂದರಿಂದ ಹೋಗಲಿ ಎಂದು ಈ ಏರ್ಪಾಟು. ಯಾವ ದಾರಿ ಸರಿಯಿದೆ, ಯಾವುದು ಕೆಟ್ಟಿದೆ ಎಂದು ಸದಾ ನೋಡುತ್ತ, ಕೆಟ್ಟಾಗ ತಾನೇ ದಾರಿ ಬದಲಿಸುವುದಕ್ಕೆ ಒಂದು ತಂತ್ರಾಂಶ. ನೀನು ಬಲ್ಲೆಯಲ್ಲ, ಮಲ್ಟಿಪಾತ್ ಅನ್ನುತ್ತಾರೆ.

ಆ ಪೆಟ್ಟಿಗೆಗೆ ಒಂದು ಗುಣವಿತ್ತು. ಎರಡು ಬಾಗಿಲಲ್ಲಿ ಒಂದು ಎಚ್ಚರ, ಇನ್ನೊಂದಕ್ಕೆ ನಿದ್ದೆ. ಎಚ್ಚರದ ಬಾಗಿಲು ಕೆಟ್ಟಾಗ ಮಲಗಿದ್ದನ್ನು ಎಬ್ಬಿಸಬೇಕು. ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ಹೀಗೆ ಕೂಗಿದರೆ ಏಳುತ್ತದೆ, ಬೇರೆ ಥರ ಕೂಗಿದರೆ ಏಳುವುದಿಲ್ಲ. ಮನೆಯಲ್ಲಿ ಮಕ್ಕಳನ್ನು ಎಬ್ಬಿಸಿದವರಿಗೆ ಇದು ಗೊತ್ತು. ಎಲ್ಲ ಪೆಟ್ಟಿಗೆಗೂ ಇದೇ ಕ್ರಮವೇ ಅಂದರೆ ಅಲ್ಲ. ಪೆಟ್ಟಿಗೆ ಮಾಡುವವರು ಲೋಕದಲ್ಲಿ ಹಲವರು, ಒಬ್ಬೊಬ್ಬರ ಪೆಟ್ಟಿಗೆಗೂ ಒಂದೊಂದು ಗುಣ. ಕೆಲವುಗಳಲ್ಲಿ ಎರಡು ಬಾಗಿಲೂ ಎಚ್ಚರವಾಗಿರುತ್ತವೆ. ಕೆಲವು ಸ್ವಲ್ಪ ತಡೆದು ಏಳುತ್ತವೆ. ಎರಡೂ ಬಾಗಿಲು ಮುಚ್ಚಿದರೆ ಕಾಯಬೇಕೋ, ಆಗುವುದಿಲ್ಲ ಎಂದು ಹೇಳಿಬಿಡಬೇಕೋ ಎಂಬುದೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ.

ಇಷ್ಟೊಂದನ್ನು ಊರೂರಿನ ಪಾಲಕರು ಎಲ್ಲಿಂದ ತಿಳಿದಾರು? ಅದಕ್ಕೊಂದು ಒಳ್ಳೆಯ ಪದ್ಧತಿ ಬೆಳೆದಿತ್ತು. ಆ ತಂತ್ರಾಂಶ ಯಾರೊಬ್ಬರ ಮನೆಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಪೆಟ್ಟಿಗೆ ಮಾಡಿದವರು, ನಮ್ಮ ಪೆಟ್ಟಿಗೆಯನ್ನು ಹೀಗೆ ಎಬ್ಬಿಸಿ, ಹೀಗೆ ನಡೆಸಿಕೊಳ್ಳಿ ಎಂದು ತಮ್ಮ ಮಾತನ್ನು ಕಳಿಸುವರು. ತಂತ್ರಾಂಶವನ್ನು ನೋಡಿಕೊಳ್ಳುವವರು ಅದನ್ನು ಪರೀಕ್ಷಿಸಿ ಒಳಗೆ ಸೇರಿಸುವರು. ಆಮೇಲೆ ಯಾವ ಊರಿನಲ್ಲಿ ಯಾರು ಆ ಪೆಟ್ಟಿಗೆ ತಂದು ಜೋಡಿಸಿದರೂ ತಂತ್ರಾಂಶವೇ ಅದರ ಹೆಸರು ಕೇಳಿ, ಓಹೋ ನೀನಾ ಎಂದು ಗುರುತು ಹಿಡಿದು, ಅದರ ಗುಣಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು. ಪಾಲಕ ಬಾಯಿ ಬಿಟ್ಟು ಹೇಳುವ ಕೆಲಸವೇ ಇಲ್ಲ. ಡಿಫಾಲ್ಟ್ ಅಂದರೆ ಇದೇ. ಕಾಣದ ಊರಿನವರು ನಮಗಾಗಿ ಮೊದಲೇ ಯೋಚಿಸಿಟ್ಟಿದ್ದು.

ಆದರೂ ಮನೆಯೊಳಗಿನ ಸಂಗತಿ ಮನೆಯಲ್ಲಿರುವವರಿಗೇ ಹೆಚ್ಚು ಗೊತ್ತಲ್ಲವೇ? ಅದಕ್ಕೆ ಪ್ರತಿ ಪಾಲಕನ ಕೈಗೂ ಒಂದು ಕಡತ ಕೊಟ್ಟಿದ್ದರು. ನಿಮ್ಮ ಜಾಗಕ್ಕೆ ಬೇರೆ ಏನಾದರೂ ಬೇಕಾದರೆ ಇಲ್ಲಿ ಬರೆಯಿರಿ. ಒಳಗಿನ ಮಾತಿಗೂ ಕಡತದ ಮಾತಿಗೂ ಭೇದ ಬಂದರೆ ಕಡತದ ಮಾತೇ ನಡೆಯುತ್ತದೆ. ಪಾಲಕನಿಗೆ ಕೊಟ್ಟ ಮರ್ಯಾದೆ ಅದು.

ನಮ್ಮ ಪಾಲಕನ ಕಡತ ಖಾಲಿ ಇತ್ತು. ಬೇರೆ ಏನೂ ಬೇಕಾಗಿರಲಿಲ್ಲ, ಅವನೇನೂ ಬರೆದಿರಲಿಲ್ಲ. ಪೆಟ್ಟಿಗೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ನಡುವೆ ಒಮ್ಮೆ ಮೊದಲ ಬಾಗಿಲು ಕೆಟ್ಟಿತ್ತಂತೆ. ಎರಡನೆಯದು ಎದ್ದು ಕೆಲಸ ಹಿಡಿಯಿತು. ವೈದ್ಯರಿಗೆ ಗೊತ್ತೂ ಆಗಲಿಲ್ಲ.

ಹೀಗಿರುವಾಗ ಆಸ್ಪತ್ರೆಗೆ ತಪಾಸಣೆಯವರು ಬಂದರು. ಔಷಧದ ಕೋಣೆಯವರು ದಪ್ಪ ದಪ್ಪ ಕಡತ ತೋರಿಸಿದರು. ಅಡಿಗೆಮನೆಯವರು ಕೂಡ ತೋರಿಸಿದರು. ಯಂತ್ರಕೋಣೆಗೆ ಬಂದು, ಪೆಟ್ಟಿಗೆಯ ಸೆಟ್ಟಿಂಗ್ ಕಡತ ತೋರಿಸಿ ಅಂದರು. ಪಾಲಕ ತೆರೆದು ತೋರಿಸಿದ. ಏನೂ ಇಲ್ಲ! ಇದೇನು ಬಿಳಿ ಹಾಳೆ ಎಂದು ಒಬ್ಬ ನಕ್ಕ. ಎಲ್ಲ ಒಳಗೇ ಇದೆ ಸ್ವಾಮೀ, ಪೆಟ್ಟಿಗೆ ಮಾಡಿದವರೇ ಬರೆದಿದ್ದಾರೆ ಎಂದು ಪಾಲಕ ವಿವರಿಸಲು ನೋಡಿದ. ಅವರೇ ಎಲ್ಲ ಬರೆದಿದ್ದರೆ ನೀವು ಇಲ್ಲಿ ಯಾಕಿದ್ದೀರಿ ಎಂದು ಇನ್ನೊಬ್ಬ ಕೇಳಿದ. ಪಾಲಕನ ಮುಖ ಸಣ್ಣದಾಯಿತು. ಅವರು ಹೋದ ಮೇಲೂ ಆ ಮಾತು ಅವನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಅದೇ, ಹೆಂಡತಿ ಏನೋ ಕೇಳಿದರೆ ಇವನ ಮನಸ್ಸಿನಲ್ಲಿ ಅದೇ.

ಖಾಲಿ ಹಾಳೆಯ ಹಿಂದೆ ಎಷ್ಟು ಜನರ ಕೆಲಸವಿದೆ ಎಂದು ತೋರಿಸುವುದು ಕಷ್ಟ, ಅವ್ವಾ. ತುಂಬಿದ ಹಾಳೆ ತೋರಿಸುವುದು ಸುಲಭ. ಪಾಲಕನಿಗೆ ಒಂದು ಉಪಾಯ ಹೊಳೆಯಿತು. ಆ ತಂತ್ರಾಂಶವನ್ನು ಕೇಳಿದರೆ ತನ್ನೊಳಗೆ ಇರುವುದನ್ನೆಲ್ಲ ಸಾಲುಸಾಲಾಗಿ ಒಪ್ಪಿಸುತ್ತದೆ. ಅವನು ಕೇಳಿದ, ಅದು ಒಪ್ಪಿಸಿತು. ತನ್ನ ಪೆಟ್ಟಿಗೆಯ ಬಗ್ಗೆ ಮಾಡಿದವರು ಹೇಳಿದ್ದೆಲ್ಲವನ್ನೂ ಎತ್ತಿ ತನ್ನ ಕಡತದಲ್ಲಿ ಇಳಿಸಿದ. ಮತ್ತೆ ಮತ್ತೆ ಓದಿ ಸರಿನೋಡಿದ. ಒಂದಕ್ಷರ ಕೂಡ ಆಚೀಚೆ ಆಗಿರಲಿಲ್ಲ. ತಪಾಸಣೆಯವರು ಮತ್ತೆ ಬಂದಾಗ, ಹಾಂ, ಈಗ ನೋಡಿ, ಕೆಲಸ ಅಂದರೆ ಇದು ಎಂದರು. ಕಡತ ದಪ್ಪವಾಯಿತು, ಪಾಲಕನ ಬೆನ್ನೂ ನೆಟ್ಟಗಾಯಿತು.

ಇಲ್ಲಿ ನೀಲಾಂಬಿಕೆಗೆ ತಡೆಯಲಾಗಲಿಲ್ಲ. ತಾನು ಮಾಡಿದ್ದೂ ಇದನ್ನೇ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೆ ಇದರಲ್ಲಿ ಕೆಟ್ಟದ್ದೇನು ಎಂಬುದು ಮಾತ್ರ ಕಾಣಲೊಲ್ಲದು. ಮರುದಿನ ಪೆಟ್ಟಿಗೆ ಏನಾದರೂ ಬೇರೆ ಥರ ನಡೆಯಿತೇ ಎಂದು ಕೇಳಿದಳು. ಇಲ್ಲ, ಹಿಂದಿನ ದಿನದ ಹಾಗೆಯೇ ನಡೆಯಿತು ಎಂದರು ಗುರುಗಳು. ಒಳಗೂ ಅದೇ ಮಾತು, ಹೊರಗೂ ಅದೇ ಮಾತು, ಬೇರೆ ನಡೆಯುವುದಾದರೂ ಹೇಗೆ? ಹಾಗಾದರೆ ಅವನು ಮಾಡಿದ್ದರಲ್ಲಿ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ ಎಂದಳು ಅವಳು. ಅವನೂ ಹಾಗೇ ತಿಳಿದಿದ್ದ ಎಂದು ಗುರುಗಳು ಮುಂದೆ ಹೇಳಿದರು.

ಕೆಲವು ಕಾಲ ಕಳೆಯಿತು. ಪೆಟ್ಟಿಗೆ ಮಾಡುವವರು ಸುಮ್ಮನೆ ಕೂತಿರುವ ಜನವಲ್ಲ. ತಮ್ಮ ಪೆಟ್ಟಿಗೆಯ ಒಳಗನ್ನು ಸುಧಾರಿಸಿದರು. ಮೊದಲಿಗಿಂತ ಚುರುಕಾಯಿತು. ಆದರೆ ಒಳಗು ಬದಲಾದ ಮೇಲೆ ಎಬ್ಬಿಸುವ ಕ್ರಮವೂ ಬದಲಾಯಿತು. ಹಳೆಯ ಕೂಗು ಅದಕ್ಕೆ ಇನ್ನು ತಿಳಿಯದು. ಅವರು ಹೊಸ ಕ್ರಮವನ್ನು ಬರೆದು ತಂತ್ರಾಂಶದವರಿಗೆ ಮುಂಚಿತವಾಗಿಯೇ ಕಳಿಸಿದ್ದರು. ತಂತ್ರಾಂಶದವರು ಒಳಗೆ ಸೇರಿಸಿಯೂ ಆಗಿತ್ತು. ಎಲ್ಲರೂ ಅವರವರ ಕೆಲಸ ಸರಿಯಾಗಿಯೇ ಮಾಡಿದ್ದರು, ಇದನ್ನು ನೆನಪಿಟ್ಟುಕೋ.

ಆಸ್ಪತ್ರೆಯ ಪೆಟ್ಟಿಗೆಯನ್ನು ಸುಧಾರಿಸಲು ಅವರ ಕಡೆಯ ಒಬ್ಬ ಬಂದ. ಅವನೂ ಜವಾಬ್ದಾರಿ ಇದ್ದವನೇ. ಮೊದಲು ಪಾಲಕನಿಂದ ತಂತ್ರಾಂಶದ ಹೊಸ ಆವೃತ್ತಿ ಹಾಕಿಸಿದ. ಆಮೇಲೆ ಪೆಟ್ಟಿಗೆಯ ಕೆಲಸ ಮುಗಿಸಿದ. ಒಮ್ಮೆ ಮೊದಲ ಬಾಗಿಲನ್ನು ಮುಚ್ಚಿ, ಎರಡನೆಯದು ಏಳುತ್ತದೋ ಇಲ್ಲವೋ ನೋಡೋಣ ಅಂದ. ಅಷ್ಟರಲ್ಲಿ ರೋಗಿಗಳು ಬರತೊಡಗಿದ್ದರು, ಇವತ್ತು ಬೇಡವೆಂದರು ಆಸ್ಪತ್ರೆಯವರು. ಸರಿ, ಹೊರಡುವ ಮುಂಚೆ ಅವನು ಪಾಲಕನನ್ನು ಒಂದು ಮಾತು ಕೇಳಿದ.

“ನಾವು ಹೇಳಿದ್ದು ಬಿಟ್ಟು ನೀವಾಗಿ ಏನಾದರೂ ಬರೆದುಕೊಂಡಿದ್ದೀರಾ?”

“ಇಲ್ಲಪ್ಪ. ನೀವು ಹೇಳಿದ್ದೇ ಇರುವುದು. ಒಂದಕ್ಷರ ಬದಲಿಸಿಲ್ಲ.”

ಹಾಗಾದರೆ ಚಿಂತೆಯಿಲ್ಲ ಎಂದು ಅವನು ಹೊರಟುಹೋದ. ಕೇಳಬೇಕಾದದ್ದನ್ನು ಅವನು ಕೇಳಿದ, ಇವನು ಹೇಳಿದ್ದರಲ್ಲಿ ಸುಳ್ಳಿನ ಸೋಂಕಿರಲಿಲ್ಲ. ಇಬ್ಬರೂ ನೆಮ್ಮದಿಯಾಗಿ ಮನೆಗೆ ಹೋಗಿ ಮಲಗಿದರು.

ಮೊದಲ ಬಾಗಿಲು ಗಟ್ಟಿಯಾಗಿತ್ತು. ಬಹಳ ದಿನ ಕೆಡಲಿಲ್ಲ. ಅದು ಕೆಡದಿರುವಷ್ಟು ದಿನ ಎರಡನೆಯದನ್ನು ಎಬ್ಬಿಸುವ ಪ್ರಸಂಗವೇ ಬರಲಿಲ್ಲ. ಪಾಲಕನ ಕಡತದಲ್ಲಿ ಹಳೆಯ ಕೂಗು, ತಂತ್ರಾಂಶದ ಒಳಗೆ ಹೊಸ ಕೂಗು. ಯಾವುದು ನಡೆಯಬೇಕು? ಕಡತದ್ದು. ಆದರೆ ಕೂಗುವ ಹೊತ್ತೇ ಬಾರದೆ ಯಾರಿಗೆ ಏನು ಗೊತ್ತಾಗಬೇಕು.

ಒಂದು ಬೆಳಗ್ಗೆ ಒಬ್ಬ ಬಸ್ ಕಂಡಕ್ಟರನನ್ನು ಆಸ್ಪತ್ರೆಗೆ ತಂದರು. ಬಸ್ಸಿನ ಮೆಟ್ಟಿಲಿನಿಂದ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಗಿತ್ತು. ಅವನು ದನಿಗೆ ಹೆಸರಾದವನು. ನಿಲ್ದಾಣದಲ್ಲಿ ನಿಂತು ಊರುಗಳ ಹೆಸರು ಕೂಗಿದರೆ ಆಚೆ ಬೀದಿಯವರು ಚೀಲ ಹಿಡಿದು ಎದ್ದು ಬರುತ್ತಿದ್ದರಂತೆ. ಸ್ಕ್ಯಾನ್ ಮಾಡಿದರು. ಒಳಗೆ ರಕ್ತ ಸೋರುತ್ತಿತ್ತು. ಚಿತ್ರ ಪೆಟ್ಟಿಗೆಗೆ ಹೋಗಿ ಸೇರಿತು. ಅವನನ್ನು ಮೇಜಿನ ಮೇಲೆ ಮಲಗಿಸಿದರು. ಹೆಂಡತಿ ಬಾಗಿಲ ಹೊರಗೆ ನಿಂತಳು. ವೈದ್ಯರು ಕೈ ತೊಳೆದು ಬಂದು ಚಿತ್ರ ಹಾಕಿ ಎಂದರು. ಪೆಟ್ಟಿಗೆಯ ಮೊದಲ ಬಾಗಿಲು ಕೆಟ್ಟದ್ದು ಅದೇ ಹೊತ್ತಿಗೆ.

ಪರದೆಯ ಮೇಲೆ ಚಿತ್ರ ಬರಲಿಲ್ಲ. ಚಿತ್ರವಿಲ್ಲ ಎಂಬ ಮಾತೂ ಬರಲಿಲ್ಲ. ಚಕ್ರದ ಗುರುತೊಂದು ತಿರುಗುತ್ತಲೇ ಇತ್ತು.

ಪಾಲಕನಿಗೆ ಹೇಳಿಕಳಿಸಿದರು. ಅವನು ಓಡಿಬಂದು ನೋಡಿದ. ಮೊದಲ ಬಾಗಿಲು ಕೆಟ್ಟಿದೆ, ಅದು ತಿಳಿಯಿತು. ಕೆಡಲಿ, ಎರಡನೆಯದು ಇದೆಯಲ್ಲ. ಅದರ ಕೇಬಲ್ ಸರಿಯಿದೆ, ದೀಪ ಉರಿಯುತ್ತಿದೆ. ಪೆಟ್ಟಿಗೆಯನ್ನು ಕೇಳಿದರೆ, ನನಗೇನೂ ಆಗಿಲ್ಲ, ನಾನು ಸಿದ್ಧ ಎನ್ನುತ್ತದೆ. ತಂತ್ರಾಂಶವನ್ನು ಕೇಳಿದರೆ, ಬಾಗಿಲು ಏಳುತ್ತಿಲ್ಲ, ಕಾಯುತ್ತಿದ್ದೇನೆ ಎನ್ನುತ್ತದೆ. ಎರಡೂ ಸುಳ್ಳು ಹೇಳುವ ಜಾತಿಯಲ್ಲ. ಮತ್ತೆ ಯಾವುದನ್ನು ನಂಬುವುದು? ಪಾಲಕನ ತಲೆ ಕೆಟ್ಟುಹೋಯಿತು. ಏನಾದರೂ ಒಡೆದಿದ್ದರೆ ಒಡೆದದ್ದನ್ನು ಬದಲಿಸಬಹುದಿತ್ತು. ಒಡೆದದ್ದು ಯಾವುದೂ ಕಾಣುತ್ತಿಲ್ಲ.

ಪೆಟ್ಟಿಗೆ ಮಾಡಿದವರ ಕಡೆಯವನಿಗೆ ಫೋನ್ ಮಾಡಿದ. ಹೊಸ ಆವೃತ್ತಿ ಇದೆಯಲ್ಲ ಎಂದು ಅವನು ಕೇಳಿದ. ಇದೆ, ನೀವೇ ಎದುರಿಗೆ ನಿಂತು ಹಾಕಿಸಿದ್ದೀರಿ ಎಂದ ಪಾಲಕ. ನಿಮ್ಮದೇನಾದರೂ ಬೇರೆ ಬರೆದಿದ್ದೀರಾ ಎಂದು ಅವನು ಮತ್ತೆ ಕೇಳಿದ. ಇಲ್ಲವೇ ಇಲ್ಲ ಎಂದ ಇವನು. ಹಾಗಾದರೆ ಅದು ಏಳಲೇಬೇಕಲ್ಲ ಎಂದ ಅವನು. ಏಳುತ್ತಿಲ್ಲವಲ್ಲ ಎಂದ ಇವನು. ಅತ್ತ ಅವನಿಗೂ ದಿಕ್ಕು ತೋಚಲಿಲ್ಲ, ಇತ್ತ ಇವನಿಗೂ ತೋಚಲಿಲ್ಲ.

ಪಾಲಕ ತನ್ನ ಕಡತವನ್ನು ತೆರೆಯದೆ ಇರಲಿಲ್ಲ. ತೆರೆದ. ಎಲ್ಲಿಯಾದರೂ ಕೈತಪ್ಪಿ ಏನಾದರೂ ಅಳಿಸಿದ್ದೇನೆಯೇ ಎಂದು ಸಾಲು ಸಾಲು ಓದಿದ. ಪೆಟ್ಟಿಗೆಯ ಜೊತೆ ಮೊದಲು ಬಂದಿದ್ದ ಪುಸ್ತಕವನ್ನು ಪಕ್ಕದಲ್ಲಿಟ್ಟು ಹೋಲಿಸಿದ. ಅಲ್ಲಿದ್ದಂತೆಯೇ ಇಲ್ಲಿದೆ. ಇದರಲ್ಲಂತೂ ತಪ್ಪಿಲ್ಲ, ಇದು ಮಾಡಿದವರದೇ ಮಾತು ಎಂದು ಗಟ್ಟಿ ಮಾಡಿಕೊಂಡು ಕಡತವನ್ನು ಮುಚ್ಚಿದ. ಆಮೇಲೆ ಮತ್ತೆ ಕೇಬಲ್ಲುಗಳನ್ನು ಬಿಚ್ಚಿ ಸಿಕ್ಕಿಸಲು ಶುರುಮಾಡಿದ. ಅಯ್ಯೋ, ಕಡತ ತೆರೆದಾಗ ಅವನ ಕೈ ತಪ್ಪಿನ ಮೇಲೇ ಇತ್ತು, ಅವ್ವಾ.

ವೈದ್ಯರು ಒಬ್ಬಳು ದಾದಿಯನ್ನು ಕಳಿಸಿದರು. ಚಿತ್ರ ಬರುತ್ತದೋ ಇಲ್ಲವೋ, ಒಂದು ಮಾತು ಹೇಳಿ. ಬರುವುದಿಲ್ಲವಾದರೆ ನಾನು ಬೇರೆ ದಾರಿ ನೋಡುತ್ತೇನೆ ಎಂದು ಕೇಳಿಸಿದರು. ಬೇರೆ ದಾರಿ ಅಂದರೆ ಇನ್ನೊಂದು ಊರಿನ ಆಸ್ಪತ್ರೆ. ಆಗಲೇ ಕಳಿಸಿದ್ದರೆ ತಲುಪಬಹುದಿತ್ತು. ಪಾಲಕ ಯೋಚಿಸಿದ. ಬಾರದಿರಲು ಒಂದು ಕಾರಣವೂ ಅವನಿಗೆ ಕಾಣಲಿಲ್ಲ. ಕಾರಣವಿಲ್ಲದ ಮೇಲೆ ಬರುವುದಿಲ್ಲ ಎಂದು ಹೇಗೆ ಹೇಳಿಯಾನು? ಇನ್ನೇನು ಬಂತು, ಸ್ವಲ್ಪ ಕಾಯಿರಿ ಅಂದ. ವೈದ್ಯರು ಕಾದರು. ತಂತ್ರಾಂಶವೂ ಕಾಯುತ್ತಿತ್ತು. ಎರಡೂ ದಾರಿ ಇಲ್ಲದಾಗ ಕಾಯಬೇಕು ಎಂದು ಅದೇ ಕಡತದಲ್ಲಿ ಬರೆದಿತ್ತು. ಸುಧಾರಿಸುವ ಮುಂಚಿನ ಪೆಟ್ಟಿಗೆಗೆ ಅದು ಸರಿಯಾದ ಮಾತೇ ಆಗಿತ್ತು.

ಮತ್ತೆ ಸ್ಕ್ಯಾನ್ ಮಾಡೋಣವೆಂದರೆ ಹೊಸ ಚಿತ್ರ ಹೋಗಿ ಸೇರಬೇಕಾದದ್ದೂ ಅದೇ ಪೆಟ್ಟಿಗೆಗೆ. ದಾದಿ ಇನ್ನೊಮ್ಮೆ ಬಂದಳು. ಪಾಲಕನ ಬಾಯಲ್ಲಿ ಅದೇ ಮಾತು, ಇನ್ನೇನು ಬಂತು. ಹೊರಗೆ ನಿಂತಿದ್ದ ಹೆಂಡತಿ, ಯಾಕಮ್ಮ ತಡ ಎಂದು ಕೇಳಿದಳಂತೆ. ದಾದಿ ತಲೆ ತಗ್ಗಿಸಿ ಒಳಗೆ ಹೋದಳು. ಕಂಡಕ್ಟರನ ಉಸಿರು ಏರುಪೇರಾಯಿತು. ಈಗ ಬೇರೆ ಊರಿಗೆ ಕಳಿಸುವಂತಿಲ್ಲ, ಕಾಯುವಂತೆಯೂ ಇಲ್ಲ. ವೈದ್ಯರು ತಮ್ಮ ಕಟ್ಟನ್ನು ಮುರಿದು, ಅಂದಾಜಿನ ಮೇಲೆ ಕತ್ತಿ ಹಿಡಿದರು.

ಅವನ ಜೀವ ಉಳಿಯಿತು. ದನಿ ಹೋಯಿತು. ಕಣ್ಣು ಬಿಟ್ಟಾಗ ಹೆಂಡತಿಯನ್ನು ಗುರುತಿಸಿದ, ಕೈ ಹಿಡಿದುಕೊಂಡ, ಅವಳ ಹೆಸರು ಕರೆಯಲು ಬಾಯಿ ತೆರೆದ. ಹೆಸರು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಯಾರೋ ಬಂದು ಮೊದಲ ಬಾಗಿಲನ್ನು ರಿಪೇರಿ ಮಾಡಿದರು. ಕಾಯುತ್ತಿದ್ದ ಚಿತ್ರಗಳೆಲ್ಲ ಏನೂ ಆಗಿಲ್ಲವೇನೋ ಎಂಬಂತೆ ಪರದೆಗೆ ಬಂದವು. ಕಂಡಕ್ಟರನ ಚಿತ್ರವೂ ಬಂತು. ರಕ್ತ ಸೋರಿದ್ದ ಜಾಗ ಅದರಲ್ಲಿ ಸ್ಪಷ್ಟವಾಗಿತ್ತು. ವೈದ್ಯರು ಅದನ್ನು ಬಹಳ ಹೊತ್ತು ನೋಡಿದರು.

ಆಮೇಲೆ ವಿಚಾರಣೆ ನಡೆಯಿತು. ಪೆಟ್ಟಿಗೆ ಮಾಡಿದವರ ಕಡೆಯವನು ಬಂದ. ಆಸ್ಪತ್ರೆಯ ಮುಖ್ಯಸ್ಥರ ಎದುರಿಗೆ ಪಾಲಕನ ಕಡತವನ್ನು ತೆರೆದು ಓದಿದ. ಓದುತ್ತ ಓದುತ್ತ ಅವನ ಮುಖ ಬಿಳಿಚಿಕೊಂಡಿತು. ಇದನ್ನು ಬರೆದವರು ಯಾರು ಎಂದು ಮುಖ್ಯಸ್ಥರು ಕೇಳಿದರು. ಪಾಲಕ, ಇವರೇ, ಇವರದೇ ಮಾತು ಎಂದು ಅವನ ಕಡೆ ಕೈ ತೋರಿಸಿದ. ಬಂದವನು ಅಲ್ಲವೆನ್ನಲಿಲ್ಲ.

“ನಮ್ಮ ಮಾತೇ ಹೌದು. ನಾವು ಇದನ್ನು ಹೇಳುವುದು ಬಿಟ್ಟು ಬಹಳ ಕಾಲವಾಯಿತು.”

ಪಾಲಕ ಅವನ ಮುಖ ನೋಡಿದ, ಮುಖ್ಯಸ್ಥರ ಮುಖ ನೋಡಿದ. ಒಪ್ಪಿಕೊಳ್ಳಲು ಅವನು ಸಿದ್ಧನಿದ್ದ. ಯಾವುದನ್ನು ಒಪ್ಪಿಕೊಳ್ಳಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಕಂಡಕ್ಟರನ ಮನೆಗೆ ಹೋಗಿ ಕಾಲು ಹಿಡಿದುಕೊಂಡ. ಆ ಹೆಂಗಸು, ನೀವೇನು ಮಾಡಿದಿರಿ ಎಂದು ಕೇಳಿದಳು. ಅವನು ಅತ್ತು ಎದ್ದುಬಂದ.

ಅಡವಯ್ಯನವರು ಅಲ್ಲಿಗೆ ಕತೆ ನಿಲ್ಲಿಸಿದರು.

ನೀಲಾಂಬಿಕೆಯ ಗೊಂದಲ ಕರಗಲಿಲ್ಲ, ಇನ್ನಷ್ಟು ಬಿಗಿಯಾಯಿತು. ಅವಳು ಮನಸ್ಸಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿದಳು. ಪೆಟ್ಟಿಗೆ ಮಾಡಿದವರು ತಮ್ಮ ಹೊಸ ಮಾತನ್ನು ಹೊತ್ತಿಗೆ ಸರಿಯಾಗಿ ಕಳಿಸಿದ್ದಾರೆ. ತಂತ್ರಾಂಶದವರು ಸೇರಿಸಿದ್ದಾರೆ. ಪೆಟ್ಟಿಗೆ ಸುಧಾರಿಸಲು ಬಂದವನು ಕೇಳಬೇಕಾದದ್ದನ್ನು ಕೇಳಿದ್ದಾನೆ, ಅದೂ ಒಂದು ಸಲವಲ್ಲ. ತಪಾಸಣೆಯವರ ಮೇಲೆ ಹೊರಿಸೋಣವೆಂದರೆ ಅವರು ಕಡತ ತುಂಬಿಸು ಎಂದರೇ ಹೊರತು ಹಳೆಯದನ್ನು ಹಿಡಿದುಕೊಂಡಿರು ಎನ್ನಲಿಲ್ಲ. ಕೊನೆಗೆ ಉಳಿದವನು ಪಾಲಕ. ಅವನು ಸುಳ್ಳು ಹೇಳಲಿಲ್ಲ, ಸೋಮಾರಿಯಾಗಲಿಲ್ಲ, ತನ್ನ ಬುದ್ಧಿ ಓಡಿಸಲಿಲ್ಲ. ಏನಾದರೂ ತಿದ್ದಿ ಬರೆದಿದ್ದರೆ, ನೋಡು ನಿನ್ನ ಜಾಣತನದಿಂದ ಹೀಗಾಯಿತು ಎನ್ನಬಹುದಿತ್ತು. ಅವನ ಜಾಗದಲ್ಲಿ ತಾನಿದ್ದರೂ ಆ ಫೋನಿನಲ್ಲಿ ಅದೇ ಉತ್ತರ ಕೊಡುತ್ತಿದ್ದೆ ಎಂದು ಅವಳಿಗೆ ಅನಿಸಿತು. ನಾಳೆ ರಕ್ತನಿಧಿಯ ಬಾಗಿಲಲ್ಲಿ ಯಾರು ಯಾರು ನಿಂತಿರುತ್ತಾರೋ.

“ಆದರೆ ಗುರುಗಳೇ,” ಎಂದಳು ಕೊನೆಗೆ, “ಅವನು ಒಂದಕ್ಷರವನ್ನೂ ಬದಲಿಸಲಿಲ್ಲವಲ್ಲ?”

“ಬದಲಿಸಿದ್ದರೆ, ಅದು ತನ್ನ ಮಾತು ಎಂದು ಅವನಿಗೆ ನೆನಪಿರುತ್ತಿತ್ತು, ಕೇಳಿದಾಗ ಬರೆದಿದ್ದೇನೆ ಎನ್ನುತ್ತಿದ್ದ.”